ಚಿಗುರಿದ್ದು ಇಲಿಯ ನರ

ಅತ್ತಿಗೆಗೆ ನಮಸ್ಕಾರ.

ಅಣ್ಣ ಫೋನಿನಲ್ಲಿ "ನನ್ನ ಕಣ್ಣಿನ ನರ ಚಿಗುರ್ತಿದೆ ಕಣೇ" ಎಂದನಲ್ಲ, ಅದನ್ನು ನಂಬಬೇಡಿ. ಡಾಕ್ಟರು ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದರು. ಕಪ್ಪು ಪರದೆಯ ಮೇಲೆ ಹಸಿರು ಎಳೆಗಳು ನರ ಜಜ್ಜಿಹೋದ ಜಾಗವನ್ನು ದಾಟಿ ಮೊಳಕೆಯ ಹಾಗೆ ಮುಂದಕ್ಕೆ ಹೊರಟಿದ್ದವು. "ನೋಡಿ, ಹೇಗೆ ಚಿಗುರಿದೆ" ಎಂದರು. ಮೂಲೆಯಲ್ಲಿ ಇಲಿಯ ಪುಟ್ಟ ಚಿತ್ರವಿತ್ತು. ನನಗೆ ಕಂಡಿತು, ಅಣ್ಣನಿಗೆ ಹೇಗೆ ಕಾಣಬೇಕು? ಹೊರಗೆ ಬಂದವನೇ ನಿಮಗೆ ಫೋನ್ ಮಾಡಿಸಿದ. ನಾನು ಒಳಗೆ ಹೋಗಿ ಮತ್ತೆ ಕೇಳಿದೆ. "ಇಲೀದಮ್ಮ ಅದು. ಮನುಷ್ಯರಲ್ಲಿ ಹಾಗೆ ಬೆಳೆಸೋದು ನಮಗಿನ್ನೂ ಬರಲ್ಲ" ಎಂದರು. ಅದನ್ನು ಅಣ್ಣನೆದುರು ಹೇಳಲು ನನಗೆ ಬಾಯಿ ಬರಲಿಲ್ಲ.

ಲೈನ್‌ಮನ್ ಬುದ್ಧಿ ನೋಡಿ, ಕಂಬದಿಂದ ಬಿದ್ದಾಗಿನಿಂದ ಅವನದು ಒಂದೇ ಮಾತು: "ಬಲ್ಬ್ ಸರಿಯಾಗಿದೆ, ವೈರ್ ಕಟ್ಟಾಗಿದೆ ಅಷ್ಟೇ. ಜಾಯಿಂಟ್ ಹಾಕಿದ್ರೆ ಆಯ್ತು." ಒಂದೊಂದು ಕಣ್ಣಿಗೂ ಸುಮಾರು ಹತ್ತು ಲಕ್ಷ ಎಳೆಗಳಂತೆ ಅತ್ತಿಗೆ, ಯಾವುದನ್ನು ಯಾವುದಕ್ಕೆ ಸೇರಿಸುವುದು?

ತಲೆಯ ಹೊಲಿಗೆ ಒಣಗಿದೆ, ಊಟ ಸೇರುತ್ತಿದೆ. ಶನಿವಾರ ಕರೆತರುತ್ತೇನೆ. ಅವನ ಟೂಲ್ ಬ್ಯಾಗನ್ನು ಬಾಗಿಲ ಹತ್ತಿರದಿಂದ ತೆಗೆದಿಡಿ, ಎಡವುತ್ತಾನೆ.

ನನ್ನ ಪಕ್ಕ ಬಿಟ್ಟು ಅಲ್ಲಾಡುವುದಿಲ್ಲ, ಅದಕ್ಕೇ ಫೋನ್ ಬಿಟ್ಟು ಈ ಕಾರ್ಡು. "ಒಳ್ಳೆ ಸುದ್ದಿ ಬರೆದ್ಯಾ? ಕೆಳಗೆ ನಂದೂ ಒಂದು ಸೈನ್ ಇರ್ಲಿ" ಅನ್ನುತ್ತಿದ್ದಾನೆ. ಬೆರಳು ಹಿಡಿದು ಜಾಗ ತೋರಿಸುತ್ತೇನೆ. ಸೊಟ್ಟಗಿರುವ ರುಜು ಅವನದು.

ನಿಮ್ಮ ನಾದಿನಿ