ಉಪ್ಸಾರು ತಿದ್ದಿದವನಿಗೆ

ಬೀಚನಹಳ್ಳಿ,
೨೨ ಜೂನ್ ೨೦೦೮, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಳೆ ಹಿಡಿದರೆ ನಿನಗೆ ಮಂಡಿ ನೋವು ಬರುತ್ತಿತ್ತು. ಆ ಕಡೆ ಇಲ್ಲಿಗಿಂತ ಹೆಚ್ಚು ಮಳೆಯಂತೆ, ಎಣ್ಣೆ ತಿಕ್ಕಿಕೊಳ್ಳುತ್ತೀಯೋ ಇಲ್ಲವೋ. ಅತ್ತಿಗೆ ಚೆನ್ನಾಗಿದ್ದಾಳೆಯೇ? ಅತ್ತಿಗೆ ಎಂದು ಬರೆದೆ ನೋಡು, ಎರಡು ವರ್ಷದ ಹಿಂದೆ ಬಾಯಿ ಬಿಟ್ಟು ಅನ್ನಬೇಕಾಗಿದ್ದ ಮಾತು. ನಿನ್ನ ವಿಳಾಸ ಗೊತ್ತಿಲ್ಲ, ಫೋನ್ ನಂಬರೂ ಇಲ್ಲ. ಅದಕ್ಕೇ ನಮ್ಮ ರೆಸಾರ್ಟಿನ ಹೊಸಬರ ಪುಟದಲ್ಲೇ ಈ ಕಾಗದ ಬರೆಯುತ್ತಿದ್ದೇನೆ. ನೀನು ಇದನ್ನು ತೆರೆದು ಓದುತ್ತೀಯೆಂದು ಈಗ ನನಗೆ ಗೊತ್ತು. ಇವತ್ತು ನಾನು ಅಡುಗೆಮನೆಗೆ ಕಾಲಿಡುವಂತಿಲ್ಲ. ಮುಂದಿನ ಕೌಂಟರಿನ ಶಾಜಿಯಾ ತನ್ನ ಕಂಪ್ಯೂಟರ್ ಬಿಟ್ಟುಕೊಟ್ಟು ಹೊರಗೆ ನಿಂತಿದ್ದಾಳೆ.

ಈ ಪುಟ ಶುರುಮಾಡಿಸಿದ್ದೇ ನೀನಲ್ಲವೇ. ಕೆಲಸಕ್ಕೆ ಹೊಸದಾಗಿ ಬಂದವರು ಯಾರನ್ನು ಏನು ಕೇಳುವುದೋ ತಿಳಿಯದೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ನೀನು ಮ್ಯಾನೇಜರ್ ರುದ್ರಸ್ವಾಮಿಯವರನ್ನು ಒಪ್ಪಿಸಿ, ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಬರೆಯಬಹುದಾದ, ಎಲ್ಲರೂ ತಿದ್ದಬಹುದಾದ ಪುಟ ಮಾಡಿಸಿದೆ. ದೋಣಿಯವರು ದೋಣಿಯ ವಿಷಯ ಬರೆದರು, ಕೋಣೆ ಗುಡಿಸುವವರು ಶಾಜಿಯಾ ಕೈಲಿ ಬರೆಸಿದರು. ಯಾರು ತಿದ್ದಿದರೆಂದು ಕೆಳಗೆ ಹೆಸರು ಬೀಳುತ್ತದೆ. ನೀನು ಹೋದ ಮೇಲೆ ನಿನ್ನ ಒಲೆಯ ಮುಂದೆ ನಿಂತ ನಾನೂ ಕಲಿತದ್ದು ನೀನು ಬರೆದದ್ದನ್ನು ಓದಿಯೇ. ನಿನ್ನ ಹೆಸರನ್ನು ಪುಟದಿಂದ ತೆಗೆಯುವ ಮನಸ್ಸು ಯಾರಿಗೂ ಬಂದಿರಲಿಲ್ಲ.

ಅವ್ವನಿಗೆ ಯುಗಾದಿಯಿಂದ ಮೈ ಸರಿಯಿರಲಿಲ್ಲ. ಊಟ ಸೇರುತ್ತಿರಲಿಲ್ಲ. ನೀನು ಕರೆತಂದ ಹುಡುಗಿಯನ್ನು ಹೊಸ್ತಿಲು ದಾಟಿಸದೆ ಕಳಿಸಿದ ಅವ್ವನೇ, ಬಸ್ಸಿನ ಸದ್ದಾದರೆ ಸಾಕು, "ಕನಕ ಬಂದ್ನಾ ನೋಡವ್ವ" ಅನ್ನುವಂತಾದಳು. ಎಲ್ಲಿ ಹುಡುಕಲಿ ನಿನ್ನನ್ನು? ಕೇರಳದ ಬತ್ತೇರಿ ಕಡೆ ಯಾವುದೋ ಹೋಟೆಲಿನಲ್ಲಿದ್ದಾನೆ ಅಂದವರೇ ಎಲ್ಲ, ಕಣ್ಣಾರೆ ಕಂಡವರಿಲ್ಲ. ಆಗ ನನಗೊಂದು ಕಿತಾಪತಿ ಹೊಳೆಯಿತು. ನೀನು ಪುಟದಲ್ಲಿ ಬರೆದಿದ್ದ ಅವ್ವನ ಉಪ್ಸಾರನ್ನು ಕೆಡಿಸಿದೆ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಖಾರ ಹಾಕಿ ಚೆನ್ನಾಗಿ ಕುದಿಸಿ, ಎಂದು ಬರೆದೆ. ನಮ್ಮ ಹಟ್ಟಿಯಲ್ಲಿ ಹುಟ್ಟಿದವನು ಇದನ್ನು ಸಹಿಸುವುದುಂಟೇ? "ಖಾರ ಅವ್ರವ್ರ ತಟ್ಟೇಲಿ ಕಣ್ಲಾ, ಮಡಕೇಲಲ್ಲ" ಎಂದು ಅವ್ವ ನಿನಗೆ ಸೌಟಿನಲ್ಲಿ ಕೊಟ್ಟ ಏಟು ನನಗೇ ನೆನಪಿದೆ. ಪಾಪ, ಹೊಸಬ ನಿಂಗರಾಜು ನಾನು ಬರೆದದ್ದನ್ನೇ ನಂಬಿ ಕುದಿಸಿ ಬಡಿಸಿಬಿಟ್ಟ. ಗೆಸ್ಟುಗಳು ಜಗ್ಗುಗಟ್ಟಲೆ ನೀರು ಕುಡಿದರು. "ಇದನ್ನ ಬರ್ದೋರು ಯಾರ್ರೀ?" ಎಂದು ರುದ್ರಸ್ವಾಮಿಯವರು ಕೂಗಾಡಿದರು. ಬೈಸಿಕೊಂಡೆ. ನಿಂಗರಾಜುವಿಗೆ ಬಾಯಲ್ಲಿ ಹೇಳಿಕೊಟ್ಟೆ, ಪುಟವನ್ನು ಮಾತ್ರ ಮುಟ್ಟಲಿಲ್ಲ.

ಹದಿಮೂರನೇ ತಾರೀಖು ಶಾಜಿಯಾ ಓಡಿ ಬಂದಳು. "ಬೃಂದಕ್ಕಾ, ನಿಮ್ಮಣ್ಣನ ಹೆಸ್ರು ಬಿದ್ದೈತೆ!" ನೋಡಿದರೆ, ಖಾರ ಕುದಿಸಬಾರದು, ಮೆಣಸಿನಕಾಯಿ ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟು ಅರೆದು ಎಲೆಯ ತುದಿಗೆ ಇಡಬೇಕು, ಉಣ್ಣುವವರೇ ಕಲಸಿಕೊಳ್ಳಬೇಕು ಎಂದು ನೀನು ತಿದ್ದಿದ್ದೆ. ಅಷ್ಟೇ. ಹೇಗಿದ್ದೀರಿ ಅಂತ ಒಂದು ಮಾತಿಲ್ಲ. ಸಾರಿನ ಮೇಲೆ ಇರುವ ಕಾಳಜಿ ಅದನ್ನು ಕಲಿಸಿದವಳ ಮೇಲೆ ಇಲ್ಲವಲ್ಲ ಎಂದು ಸ್ಟೋರ್ ರೂಮಿನಲ್ಲಿ ಕೂತು ಅತ್ತೆ ಕಣೋ. ಸಿಟ್ಟಿಗೂ ಅತ್ತೆ, ಬದುಕಿದ್ದೀಯಲ್ಲ ಅಂತಲೂ ಅತ್ತೆ. ಸಂಜೆ ಅವ್ವನಿಗೆ ಹೇಳಿದರೆ ಅವಳು ಕೇಳಿದ್ದು ಒಂದೇ, "ಸರ್ಯಾಗ್ ತಿದ್ದವ್ನಾ?" ಸರಿಯಾಗಿ ಅಂದೆ. ಅವಳ ಮುಖ ನೀನು ನೋಡಬೇಕಿತ್ತು. ಉಪ್ಸಾರು ಮಾಡಿಸಿಕೊಂಡು ಎರಡು ತುತ್ತು ಮುದ್ದೆ ಉಂಡಳು. "ನಂದೇ ತಪ್ಪಾಯ್ತು. ಆ ಹೆಣ್ಮಗೀನೂ ಕರ್ಕೊಂಡು ಬಂದ್ಬುಡು ಅನ್ನವ್ವ" ಎಂದಳು. ಮಾರನೆಯ ದಿನವೇ ಬರೆಯೋಣವೆಂದರೆ ಮಳೆಗೆ ಲೈನ್ ಹೋಗಿ ನಿನ್ನೆಯವರೆಗೂ ಪುಟ ತೆರೆಯಲಿಲ್ಲ. ಅವ್ವ ಹೇಳಿಕಳಿಸಿದ್ದನ್ನು ಈಗ ಮುಟ್ಟಿಸಿದ್ದೇನೆ.

ಮಂಡಿ ಜೋಪಾನ. ನಿನಗೂ ಅತ್ತಿಗೆಗೂ ನನ್ನ ನಮಸ್ಕಾರ.

ನಿನ್ನ ತಂಗಿ,
ಬೃಂದಾ

ಮ.ವಿ.: ಮರೆತು ಕೆಳಗೆ ಬರೆಯುತ್ತಿಲ್ಲ ಅಣ್ಣ, ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ಸೋಮವಾರ ಬೆಳಿಗ್ಗೆ ಅವ್ವ ತೀರಿಕೊಂಡಳು. ಬಾಯಿಗೆ ನೀರು ನಾನೇ ಬಿಟ್ಟೆ. ಬರುವ ಗುರುವಾರ ಹನ್ನೊಂದನೆಯ ದಿನ. ದೊಡ್ಡಪ್ಪ ಏನಾದರೂ ಅಂದುಕೊಳ್ಳಲಿ, ಎಡೆಗೆ ಮುದ್ದೆ, ಉಪ್ಸಾರನ್ನೇ ಮಾಡುತ್ತೇನೆ. ಅಲ್ಲಿಯವರೆಗೆ ಈ ಕಾಗದ ಅಳಿಸಬೇಡಿ ಎಂದು ರುದ್ರಸ್ವಾಮಿಯವರನ್ನು ಕೇಳಿಕೊಂಡಿದ್ದೇನೆ. ಬರಲು ಆಗದಿದ್ದರೆ ಇದರಲ್ಲಿ ಒಂದಕ್ಷರವಾದರೂ ತಿದ್ದು, ಓದಿದೆಯೆಂದು ತಿಳಿಯಲಿ. ಆದರೆ ಅವ್ವನ ಎಲೆಯ ತುದಿಗೆ ಖಾರ ನಾನು ಇಡುವುದಿಲ್ಲ. ಅದನ್ನು ನಿನಗೇ ಬಿಟ್ಟಿದ್ದೇನೆ.