ಎರಡು ವರ್ಷ ಎಂಬ ಲೆಕ್ಕ

ಮಾರ್ಚ್ ೧೨, ಗುರುವಾರ

ಆ ‘ಎರಡು ವರ್ಷ’ದ ಮೂಲ ಇವತ್ತು ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಆಮದು ಸುಂಕ ಇಳಿಸಿ ಹೊರದೇಶದ ಸರಕು ಅಗ್ಗವಾದಾಗ ಕೆಲಸ ಕಳೆದುಕೊಂಡವರು ಎರಡು ವರ್ಷದೊಳಗೆ ಬೇರೆ ಕೆಲಸ ಹಿಡಿಯುತ್ತಾರೆ ಎಂದು ನಮ್ಮ ಸಂಶೋಧನಾ ಸಂಸ್ಥೆಯ ಪ್ರತಿ ವರದಿಯಲ್ಲೂ ಬರೆಯುತ್ತೇವೆ. ಹೊಸದಾಗಿ ಸೇರಿದ ಸಂಶೋಧಕಿ ಬೆಳಿಗ್ಗೆ ಕೇಳಿದಳು, “ಮೇಡಂ, ಇದಕ್ಕೆ ಆಧಾರ ಏನು?” ಅಡಿಟಿಪ್ಪಣಿ ನೋಡಿಕೋ ಎಂದೆ. ಅದು ಹಿಂದಿನ ವರದಿಯನ್ನು ತೋರಿಸಿತು, ಆ ವರದಿ ಅದರ ಹಿಂದಿನದನ್ನು. ಇಬ್ಬರೂ ಕಡತದ ಕೋಣೆಯಲ್ಲಿ ಸಂಜೆಯವರೆಗೆ ಧೂಳು ಕುಡಿದೆವು. ಕೊನೆಗೆ ಸಿಕ್ಕಿದ್ದು ನಾನು ಕೆಲಸಕ್ಕೆ ಸೇರಿದ ವರ್ಷದ ಒಂದು ಹಾಳೆ. ಅಕ್ಷರ ನನ್ನದೇ. ‘ಸದ್ಯಕ್ಕೆ ಎರಡು ವರ್ಷ ಅಂತಿಟ್ಟುಕೊಳ್ಳೋಣ. ಆಮೇಲೆ ಪರಿಶೀಲಿಸಬೇಕು.’

ಹುಡುಗಿ ಹಾಳೆಯನ್ನು ನನ್ನ ಕೈಗಿಟ್ಟು ಕಡತಗಳನ್ನು ಮತ್ತೆ ಜೋಡಿಸತೊಡಗಿದಳು.

ಹಾಳೆ ತೋರಿಸಿದಾಗ ಸಂಸ್ಥೆಯ ನಿರ್ದೇಶಕರು ನಕ್ಕುಬಿಟ್ಟರು. “ಇಪ್ಪತ್ತೊಂದು ವರ್ಷ ಯಾರೂ ಕೇಳ್ಲಿಲ್ಲ, ಬಿಡಿ. ನಾಳೆ ಈ ಸಲದ ವರದಿ ಮುದ್ರಣಕ್ಕೆ ಹೋಗ್ಬೇಕು.”

ಕೇಳಿದವರು ಒಬ್ಬರಿದ್ದರು. ಭಾವ ದುಡಿಯುತ್ತಿದ್ದ ಷೂ ಕಾರ್ಖಾನೆಯೂ ಹಾಗೇ ಮುಚ್ಚಿದ ವಾರ ಅವರು ಕೇಳಿದ್ದರು, “ನೀನು ಓದಿದೋಳು, ಹೇಳಮ್ಮ. ಇನ್ನೊಂದು ಕೆಲಸ ಸಿಗೋಕೆ ಎಷ್ಟು ದಿನ ಹಿಡಿಯುತ್ತೆ?” ತಡವರಿಸದೆ ಎರಡು ವರ್ಷ ಎಂದಿದ್ದೆ. ಈಗ ಐದನೆಯ ವರ್ಷ ನಡೆಯುತ್ತಿದೆ, ಕೆಲಸ ಇನ್ನೂ ಸಿಕ್ಕಿಲ್ಲ.

ಎರಡು ವರ್ಷ ತುಂಬಿದ ದಿನ ಅವರು ಅಕ್ಕನಿಗೆ ಹೇಳಿದರಂತೆ, “ಉಳಿದೋರಿಗೆಲ್ಲ ಸಿಕ್ಕಿರುತ್ತೆ ಕಣೆ. ನನ್ನಲ್ಲೇ ಏನೋ ಕೊರತೆ ಇದೆ.”

ನಾಳೆ ಆ ಸಾಲನ್ನು ಹೊಡೆದುಹಾಕುತ್ತೇನೆ, ನಿರ್ದೇಶಕರು ಏನಾದರೂ ಅಂದುಕೊಳ್ಳಲಿ. ಅದು ಸುಲಭ. ಭಾವನ ಎದುರು ಕುಳಿತು, ಕೊರತೆ ನಿಮ್ಮಲ್ಲಿ ಇರಲಿಲ್ಲ, ನನ್ನ ಲೆಕ್ಕದಲ್ಲಿತ್ತು ಅಂತ ಹೇಳುವುದೇ ಕಷ್ಟ.