ಹಿಂದಿನ ಸೀಟಿನಲ್ಲಿ ಕೂತವರು

ಬೆಸುಗೆ ಅಂಗಡಿಯ ಮೇಜು,
೧೪ ಡಿಸೆಂಬರ್, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ವಾರ್ಡಿನಲ್ಲಿ ಇಡೀ ದಿನ ನಿಂತು ಕಾಲು ಊದಿಕೊಳ್ಳುತ್ತದೆ ಎಂದು ಭಾವನಿಗೆ ಬರೆದಿದ್ದೀಯಂತೆ. ನನಗೆ ಬಂದ ಕಾಗದದಲ್ಲಿ ಕಾಲಿನ ಸುದ್ದಿಯೇ ಇರಲಿಲ್ಲ. ‘ಚೆನ್ನಾಗಿದ್ದೇನೆ, ಅಮ್ಮನನ್ನು ನೋಡಿಕೋ’ ಎಂದಷ್ಟೇ ಇತ್ತು. ಈಗ ಊತ ಇಳಿಯಿತೇ? ಅಮ್ಮ ಗಟ್ಟಿಯಾಗಿದ್ದಾಳೆ. ಕೂರುವ ಜಾಗವೊಂದನ್ನು ಬಿಟ್ಟರೆ ನಾನೂ ಚೆನ್ನಾಗಿದ್ದೇನೆ. ಅದಕ್ಕೇ ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ‘ಸರಿ ಸರಿ, ಆಮೇಲೆ’ ಅಂದುಬಿಡುತ್ತೀಯ.

ಸುತ್ತು ಬಳಸುವುದಿಲ್ಲ. ನೀನು ನರ್ಸ್ ತರಬೇತಿಗೆ ಹೊರಟ ದಿನ ಬಸ್ ನಿಲ್ದಾಣದಲ್ಲಿ ನಾನೊಂದು ಮಾತು ಕೊಟ್ಟಿದ್ದೆ: ನೀನು ಬರುವತನಕ ನಮ್ಮ ಜೋಡಿ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಯಾರನ್ನೂ ಕೂರಿಸುವುದಿಲ್ಲ ಎಂದು. ಆ ಮಾತಿಗೆ ತಪ್ಪಿದ್ದೇನೆ. ಅದೂ ಯಾರನ್ನು ಕೂರಿಸಬಾರದು ಎಂದು ಮನಸ್ಸಿನಲ್ಲಿಟ್ಟುಕೊಂಡು ಮಾತು ಕೊಟ್ಟಿದ್ದೆನೋ, ಅವರನ್ನೇ ಕೂರಿಸಿದೆ. ಹೌದು, ಭಾವನನ್ನೇ, ನಿನ್ನ ಗಣಿತದ ಮೇಷ್ಟ್ರನ್ನು.

ನಾನು ಶಾಲೆ ಬಿಟ್ಟ ವರ್ಷ ಎರಡು ಹಳೇ ಸೈಕಲ್ ಕತ್ತರಿಸಿ ಒಂದಾಗಿ ಬೆಸೆದಾಗ ಎಲ್ಲರೂ ನಕ್ಕರು. ನೀನೊಬ್ಬಳೇ ಹಿಂದೆ ಹತ್ತಿ ಕೂತು ‘ನಡಿಯೋ, ಎಲ್ಲಿಗಾದ್ರೂ ಸರಿ’ ಅಂದೆ. ಹಿಂದಿನ ಪೆಡಲನ್ನೂ ಮುಂದಿನದನ್ನೂ ಒಂದೇ ಚೈನಿಗೆ ಸೇರಿಸಿದ್ದರಿಂದ ನಿನ್ನ ಕಾಲಿನ ಸುದ್ದಿಯೆಲ್ಲ ನನ್ನ ಪಾದಕ್ಕೆ ಗೊತ್ತಾಗುತ್ತಿತ್ತು. ನಿನ್ನ ಪರೀಕ್ಷೆ ಕೈಕೊಟ್ಟ ದಿನ ನೀನು ಅಳುತ್ತಾ ತುಳಿದದ್ದು, ತಿರುಗಿ ನೋಡದೆಯೇ ನನಗೆ ತಿಳಿದಿತ್ತು. ಇನ್ನೂರು, ಮುನ್ನೂರು, ನಾನ್ನೂರು, ಆರುನೂರು ಕಿಲೋಮೀಟರ್, ನಾಲ್ಕನ್ನೂ ಒಂದೇ ವರ್ಷದಲ್ಲಿ ಮುಗಿಸೋಣ ಎಂದು ಸೈಕಲ್ ಕ್ಲಬ್ಬಿನ ಕಾರ್ಡಿನಲ್ಲಿ ನಮ್ಮಿಬ್ಬರ ಹೆಸರನ್ನೂ ಬರೆಸಿದ್ದೆವು. ಆಮೇಲೆ ನೀನು ಮದುವೆಯಾದೆ, ಮೂರೇ ತಿಂಗಳಿಗೆ ತರಬೇತಿಗೆ ಹೋದೆ. ಕಾರ್ಡ್ ನನ್ನ ಹತ್ತಿರ ಉಳಿಯಿತು.

ಫೆಬ್ರವರಿಯಲ್ಲಿ ಇನ್ನೂರನ್ನು ಒಬ್ಬನೇ ತುಳಿದೆ, ಇಬ್ಬರ ಸೈಕಲ್ಲನ್ನೇ. ದಾರಿಯಲ್ಲಿ ಕಾರ್ಡಿಗೆ ಮುದ್ರೆ ಒತ್ತುವ ಚಹಾದಂಗಡಿಯವನು ‘ಹಿಂದಿನವ್ರು ಎಲ್ಲಿ ಉದುರಿಹೋದ್ರಪ್ಪಾ, ಒಂದ್ಸಲ ತಿರುಗಿ ನೋಡಿದ್ಯಾ?’ ಅಂದ. ಏಪ್ರಿಲಿನಲ್ಲಿ ಮುನ್ನೂರು. ಬೆಳಗಿನ ಜಾವದ ಒಂದು ಇಳಿಜಾರಿನಲ್ಲಿ ಸೈಕಲ್ ಹೇಗೆ ಹಾರಿತು ಗೊತ್ತಾ! ‘ಅಕ್ಕಾ, ಹಿಡ್ಕೋ!’ ಎಂದು ಕೂಗಿಯೂ ಬಿಟ್ಟೆ. ಹಿಂದೆ ಯಾರಿದ್ದರು? ಜುಲೈಯಲ್ಲಿ ನಾನ್ನೂರಕ್ಕೆ ಹೊರಟೆ. ಇಡೀ ದಿನ ಎದುರು ಗಾಳಿ. ಮುನ್ನೂರಹತ್ತನೇ ಕಿಲೋಮೀಟರಿನಲ್ಲಿ ಮಂಡಿ ಬಾಗಲಿಲ್ಲ. ಮುಚ್ಚಿದ್ದ ಪೆಟ್ರೋಲ್ ಬಂಕಿನ ಕಟ್ಟೆಯ ಮೇಲೆ ಕೂತು ಅತ್ತೆ. ಅಮ್ಮನಿಗೆ ಫೋನ್ ಮಾಡಿದರೆ ಅವಳು ಭಾವನನ್ನು ಕಳಿಸಿದಳು. ಯಾರದೋ ಸಾಮಾನಿನ ವ್ಯಾನ್ ಹಿಡಿದು ಬಂದರು. ಒಂದು ಮಾತು ಬುದ್ಧಿ ಹೇಳಿದ್ದರೂ ಜಗಳ ತೆಗೆಯಬಹುದಿತ್ತು. ಹೇಳಲಿಲ್ಲ. ಬ್ರೆಡ್ಡು ಕೊಟ್ಟು, ನನ್ನನ್ನು ಡ್ರೈವರ್ ಪಕ್ಕ ಕೂರಿಸಿ, ಸೈಕಲ್ಲಿಗೆ ಗೀರು ಬೀಳಬಾರದೆಂದು ಅದನ್ನು ತಬ್ಬಿಕೊಂಡು ಹಿಂದೆ ಕೂತರು. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ನಿನ್ನ ನಾಲ್ಕು ಹಾಳೆಯ ಕಾಗದ ಅವರ ಅಂಗಿಯ ಜೇಬಿನಲ್ಲಿತ್ತು. ನನಗೆ ಬರುವುದು ಅರ್ಧ ಹಾಳೆ.

ಒಂದು ವಾರದ ಮೇಲೆ ಅಂಗಡಿಗೇ ಬಂದು ನಿಂತರು. ‘ನಂಗೆ ಸೈಕಲ್ ಅಷ್ಟಾಗಿ ಬರಲ್ಲ ಕಣಪ್ಪಾ. ಆದ್ರೆ ಹಿಂದೆ ಕೂತವರು ದಾರಿ ನೋಡ್ಬೇಕಿಲ್ಲ, ತುಳಿದ್ರೆ ಸಾಕು, ಅಲ್ವಾ?’ ಎಂದರು. ಬೇಡ ಅನ್ನಬೇಕೆಂದೇ ಬಾಯಿ ತೆರೆದೆ. ಆದರೆ ಕಾರ್ಡಿನಲ್ಲಿ ಎರಡು ಮನೆ ಖಾಲಿ ಇದ್ದವು, ವರ್ಷದಲ್ಲಿ ಐದು ತಿಂಗಳು ಉಳಿದಿತ್ತು. ಮೊದಲ ದಿನ ಬೀದಿಯ ತಿರುವಿನಲ್ಲೇ ಇಬ್ಬರೂ ಬಿದ್ದೆವು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ‘ಮೇಷ್ಟ್ರೂ ಫೇಲಾಗ್ತಾರೆ!’ ಎಂದು ನಾನೂ ಕುಶಾಲು ಮಾಡಿದೆ. ಅವರು ಮೊಣಕೈ ಒರೆಸಿಕೊಂಡು ಮತ್ತೆ ಹತ್ತಿದರು.

ಅಕ್ಟೋಬರಿನಲ್ಲಿ ನಾನ್ನೂರು ಮುಗಿಸಿದೆವು. ಮೊನ್ನೆ ಆರುನೂರೂ ಆಯಿತು. ನಲವತ್ತು ಗಂಟೆಯ ಗಡುವಿಗೆ ಇಪ್ಪತ್ತೆರಡು ನಿಮಿಷ ಮೊದಲೇ. ನಿಜ ಹೇಳುತ್ತೇನೆ, ಭಾವ ನಿನಗಿಂತ ಚೆನ್ನಾಗಿ ತುಳಿಯುತ್ತಾರೆ. ಇದನ್ನು ಬರೆಯಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದು ನಿನಗೆ ಗೊತ್ತಿಲ್ಲ. ಕೊನೆಯ ಏರಿನಲ್ಲಿ ಹಿಂದಿನಿಂದ ಹೇಳಿದರು: ‘ನಿಮ್ಮಕ್ಕನಿಗೆ ಆಸ್ಪತ್ರೆಯವ್ರು ಇನ್ನೊಂದು ವರ್ಷ ಅಲ್ಲೇ ಇರು ಅಂತ ಕೇಳಿದಾರಂತೆ.’ ಇಷ್ಟು ದೊಡ್ಡ ಸುದ್ದಿ ನನಗೆ ಬೆನ್ನ ಹಿಂದಿನಿಂದ ಸಿಗಬೇಕಾಯಿತು ನೋಡು! ಮುಂದಿನ ಇಪ್ಪತ್ತು ಕಿಲೋಮೀಟರ್ ಸಿಟ್ಟಿನಲ್ಲೇ ತುಳಿದೆ. ಬೇಗ ತಲುಪಿದ್ದು ಅದರಿಂದಲೇ ಇರಬೇಕು.

ಕಾಲು ಎತ್ತರಕ್ಕಿಟ್ಟು ಮಲಗು. ಅಮ್ಮ ಹರಸಿದ್ದಾಳೆ. ನನ್ನ ನಮಸ್ಕಾರ, ಸಿಟ್ಟು ಎರಡೂ ಇದರೊಂದಿಗಿವೆ.

ನಿನ್ನ,
ಮುಂದಿನ ಸೀಟಿನವನು

ಮರೆತಿದ್ದೆ: ಭಾವ ಉದ್ದ, ಹಾಗಾಗಿ ಸೀಟನ್ನು ನಾಲ್ಕು ಬೆರಳು ಏರಿಸಬೇಕಾಯಿತು. ನಿನ್ನ ಎತ್ತರ ಎಲ್ಲಿತ್ತೋ ಅಲ್ಲಿ ಕಂಬಿಯ ಮೇಲೆ ಅರದಿಂದ ಗೀಟು ಹಾಕಿಟ್ಟಿದ್ದೇನೆ, ಅಳಿಸುವುದಿಲ್ಲ. ಇನ್ನೊಂದು. ‘ಸಂತೋಷವಾಗಿ ಇರು, ಒಂದು ವರ್ಷ ತಾನೇ’ ಎಂದು ಅವರು ನಿನಗೆ ಬರೆದಿದ್ದಾರಂತೆ. ಅದೇ ಮಾತನ್ನು ಆ ಏರಿನಲ್ಲಿ ನನಗೂ ಹೇಳಿದರು. ದನಿ ಚೆನ್ನಾಗಿಯೇ ಇತ್ತು. ಕಾಲು ಮಾತ್ರ ತುಳಿಯುವುದನ್ನು ಬಿಟ್ಟಿತ್ತು. ನಾಲ್ಕು ದೀಪದ ಕಂಬದಷ್ಟು ದೂರ ಇಬ್ಬರ ಭಾರವನ್ನೂ ನಾನೊಬ್ಬನೇ ಎಳೆದೆ. ತಿರುಗಿ ನೋಡಲಿಲ್ಲ. ಇರುವುದೋ ಬರುವುದೋ ನಿನ್ನಿಷ್ಟ. ಅವರ ಕಾಗದವೊಂದನ್ನೇ ನಂಬಿ ತೀರ್ಮಾನ ಮಾಡಬೇಡ. ಮಾಡಿದ ಮೇಲೆ, ಈ ಸಲವಾದರೂ, ನಮ್ಮಿಬ್ಬರಿಗೂ ಒಂದೇ ದಿನ ಬರೆ.